ಮಳೆ ತೊಳೆದ ಲೇಪನ ಎಲ್ಲಿಗೆ ಹೋಗುತ್ತದೆ?

ಮಲೆನಾಡಿನ ಬದುಕಿನಲ್ಲಿ ವರ್ಷದ ಅರ್ಧ ಶ್ರಮ ನೀರನ್ನು ಉಳಿಸಿಕೊಳ್ಳುವುದಕ್ಕೆ ಸಲ್ಲುತ್ತದೆ, ಇನ್ನರ್ಧ ಶ್ರಮ ನೀರನ್ನು ದೂರವಿಡುವುದಕ್ಕೆ. ಮೇ ತಿಂಗಳು ಮುಗಿಯುವುದರೊಳಗೆ ಒಡೆದ ಹೆಂಚು ಬದಲಾಗಬೇಕು, ಮಳೆ ಹೊಡೆಯುವ ದಿಕ್ಕಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟಬೇಕು, ಸೌದೆ ಕೊಟ್ಟಿಗೆ ಸೇರಬೇಕು. ಕಂಬಳಿ ಕೊಪ್ಪೆ, ಗೊರಬುಗಳ ಜಾಗವನ್ನು ಪ್ಲಾಸ್ಟಿಕ್ ಆಕ್ರಮಿಸಿ ದಶಕಗಳೇ ಕಳೆದಿವೆ. ಈಗ ಪ್ಲಾಸ್ಟಿಕ್ಕಿನ ಹೊದಿಕೆಯೂ ಬೇಡ, ಬರಿಯ ಡಬ್ಬಿಯೊಂದು ಸಾಕು ಎಂಬ ಭರವಸೆಯೊಂದಿಗೆ ಹೊಸ ವಸ್ತುವೊಂದು ಪೇಟೆಯ ಅಂಗಡಿಗಳಿಗೂ ಅಂಚೆಯ ಪೊಟ್ಟಣಗಳಿಗೂ ಬಂದಿದೆ. ಬಟ್ಟೆ, ಮರ, ಗೋಡೆ, ಲೋಹ ಯಾವುದರ ಮೇಲೆ ಸಿಂಪಡಿಸಿದರೂ ಅಲ್ಲಿ ನೀರು ನಿಲ್ಲುವುದಿಲ್ಲ ಎನ್ನುವ ರಕ್ಷಣಾ ಲೇಪನ ಅದು. ಮಳೆಯೊಂದಿಗೆ ಏಗುವ ಜನರಿಗೆ ಇಂಥ ವಸ್ತು ಆಕರ್ಷಕವಾಗಿ ಕಂಡರೆ ಆಶ್ಚರ್ಯವಿಲ್ಲ. ಆದ್ದರಿಂದಲೇ ಅದನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಎಂಬ ವಿಚಾರ ಮಲೆನಾಡಿನಲ್ಲಿ ಈಗಲೇ ನಡೆಯಬೇಕಾಗಿದೆ.

ಈ ಬಗೆಯ ಲೇಪನ ಗೃಹಬಳಕೆಗೆ ವ್ಯಾಪಕವಾಗಿ ಪರಿಚಯವಾದದ್ದು 2013ರಲ್ಲಿ. ಆ ವರ್ಷ ಅಮೆರಿಕದ ರಸ್ಟ್-ಓಲಿಯಂ ಕಂಪನಿ ‘ನೆವರ್‌ವೆಟ್’ ಎಂಬ ಹೆಸರಿನಲ್ಲಿ ಎರಡು ಡಬ್ಬಿಗಳ ಜೋಡಿಯನ್ನು ಮಾರುಕಟ್ಟೆಗೆ ತಂದಿತು. ಮೊದಲ ಡಬ್ಬಿಯದು ತಳಲೇಪನ, ಅದು ಒಣಗಿದ ಮೇಲೆ ಎರಡನೆಯ ಡಬ್ಬಿಯ ಮೇಲ್ಲೇಪನ. ಕೆಸರು ಎರಚಿದರೂ ಅಂಟದ ಬೂಟು, ನೀರು ಸುರಿದರೂ ನೆನೆಯದ ಹಲಗೆ ಮುಂತಾದ ಪ್ರದರ್ಶನಗಳನ್ನು ಜಗತ್ತು ಬೆರಗಿನಿಂದ ನೋಡಿತು. ಅನಂತರ ಹಲವು ಕಂಪನಿಗಳ, ಹಲವು ಹೆಸರುಗಳ ಇಂಥದೇ ಲೇಪನಗಳು ಬಂದಿವೆ.

ಇದರ ಹಿಂದಿನ ತತ್ತ್ವವನ್ನು ಅರಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಹಿತ್ತಲಿನ ಕೆಸುವಿನ ಎಲೆಯ ಮೇಲೆ ಬಿದ್ದ ಮಳೆಹನಿ ಮುತ್ತಿನಂತೆ ಉರುಳಿಹೋಗುವುದನ್ನು ನೋಡದ ಮಲೆನಾಡಿನ ಮಗುವಿಲ್ಲ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್ಲಾಟ್ ಎಲೆಗಳ ಮೇಲ್ಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸುತ್ತಿದ್ದಾಗ ಕಮಲದಂಥ ಕೆಲವು ಎಲೆಗಳು ಸದಾ ನಿರ್ಮಲವಾಗಿರುವುದನ್ನು ಗಮನಿಸಿದರು. ಆ ಎಲೆಗಳ ಮೇಲೆ ಕಣ್ಣಿಗೆ ಕಾಣದ ಉಬ್ಬುಗಳಿವೆ, ಉಬ್ಬುಗಳ ಮೇಲೆ ಮೇಣದ ಸೂಕ್ಷ್ಮ ಹರಳುಗಳಿವೆ. ನೀರಿನ ಹನಿ ಉಬ್ಬುಗಳ ತುದಿಯ ಮೇಲಷ್ಟೇ ಕೂರುತ್ತದೆ. ಹನಿಯ ಕೆಳಗೆ ಗಾಳಿ ಇರುವುದರಿಂದ ಅದು ಎಲೆಗೆ ಅಂಟದೆ ಉರುಳುತ್ತದೆ, ಉರುಳುವಾಗ ಧೂಳನ್ನೂ ಒಯ್ಯುತ್ತದೆ. ಕ್ರಿಸ್ಟೋಫ್ ನೈನ್‌ಹೌಸ್ ಅವರೊಡನೆ 1997ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ವಿದ್ಯಮಾನ ‘ಕಮಲ ಪರಿಣಾಮ’ ಎಂದು ಹೆಸರಾಯಿತು. ಡಬ್ಬಿಯ ಲೇಪನ ಇದರದೇ ಅನುಕರಣೆ. ಸಿಲಿಕಾದಂಥ ಅತಿಸೂಕ್ಷ್ಮ ಕಣಗಳು ಉಬ್ಬುಗಳಾಗುತ್ತವೆ, ಮೇಣದ ಕೆಲಸವನ್ನು ನೀರು ಒಲ್ಲದ ರಾಸಾಯನಿಕವೊಂದು ಮಾಡುತ್ತದೆ.

ಅನುಕರಣೆಗೂ ಮೂಲಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಎಲೆ ಜೀವಂತವಾದದ್ದು. ಮೇಣ ಸವೆದರೆ ಅದು ಮತ್ತೆ ಮೇಣವನ್ನು ಸ್ರವಿಸುತ್ತದೆ. ಎಲೆ ಉದುರಿದಾಗ ಆ ಮೇಣವನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಡಬ್ಬಿಯ ಲೇಪನಕ್ಕೆ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಶಕ್ತಿಯಿಲ್ಲ. ಉಜ್ಜಿದರೆ, ಸಾಬೂನು ತಗುಲಿದರೆ, ಬಿಸಿಲು-ಮಳೆಗೆ ಒಡ್ಡಿದರೆ ಅದರ ಸೂಕ್ಷ್ಮ ಉಬ್ಬುಗಳು ಕಳಚಿಕೊಳ್ಳುತ್ತವೆ, ಮತ್ತೆ ಸಿಂಪಡಿಸಬೇಕಾಗುತ್ತದೆ. ಕಳಚಿಕೊಂಡದ್ದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಇಲ್ಲಿಂದಲೇ ಆರಂಭವಾಗುತ್ತದೆ.

ಆ ಪ್ರಶ್ನೆಗೆ ಮುನ್ನ ಉಪಯೋಗಗಳನ್ನು ನ್ಯಾಯವಾಗಿ ತೂಗಿ ನೋಡುವುದು ಅಗತ್ಯ. ನೀರು ಒಲ್ಲದ ಲೇಪನಗಳೆಲ್ಲವೂ ತ್ಯಾಜ್ಯವಲ್ಲ. ಮೊದಲನೆಯದಾಗಿ ಗೋಡೆ. ಜಂಬಿಟ್ಟಿಗೆ ಕಲ್ಲಿನ ಅಥವಾ ಇಟ್ಟಿಗೆಯ ಗೋಡೆ ಮಳೆಗಾಲದಲ್ಲಿ ನೀರು ಕುಡಿದು ಒಳಗೆ ಬೂಸ್ಟು ಹಿಡಿಯುತ್ತದೆ. ಸಿಲೇನ್, ಸಿಲಾಕ್ಸೇನ್ ವರ್ಗದ ಲೇಪನಗಳು ಕಲ್ಲಿನ ರಂಧ್ರಗಳೊಳಗೆ ಇಳಿದು ಅಲ್ಲಿಯೇ ಬೆಸೆದುಕೊಳ್ಳುತ್ತವೆ. ಅವು ಹೊರಗಿನ ಮಳೆಹನಿಯನ್ನು ತಡೆಯುತ್ತವೆ, ಒಳಗಿನ ತೇವ ಆವಿಯಾಗಿ ಹೊರಹೋಗಲು ಅವಕಾಶ ಕೊಡುತ್ತವೆ. ದಪ್ಪ ಬಣ್ಣದ ಪೊರೆಗಿಂತ ಇದು ಗೋಡೆಗೆ ಹಿತ. ಆದರೆ ಗೋಡೆ ಪೂರ್ತಿ ಒಣಗಿರುವ ಮಾರ್ಚ್-ಏಪ್ರಿಲ್‌ನಲ್ಲಿ ಮಾತ್ರ ಹಚ್ಚಬೇಕು. ಬಿರುಕಿನಿಂದ ಇಳಿಯುವ ನೀರನ್ನಾಗಲಿ, ತಳಪಾಯದಿಂದ ಮೇಲೇರುವ ತೇವವನ್ನಾಗಲಿ ಇದು ತಡೆಯಲಾರದು. ಸೂರಿನ ಚಾಚು ಎರಡು ಅಡಿ ಹೆಚ್ಚಿದ್ದರೆ ಈ ಲೇಪನದ ಅಗತ್ಯವೇ ಬಹುಮಟ್ಟಿಗೆ ಬೀಳುವುದಿಲ್ಲ ಎಂಬುದನ್ನು ಹಳೆಯ ಮನೆಗಳು ಸಾರುತ್ತಲೇ ಇವೆ.

ಎರಡನೆಯದು ವಿದ್ಯುತ್ ಉಪಕರಣ. ಪಂಪ್‌ಸೆಟ್‌ನ ನಿಯಂತ್ರಣ ಫಲಕ, ಸೌರದೀಪದ ಒಳಗಿನ ಸರ್ಕ್ಯೂಟ್ ಹಲಗೆ ಮೊದಲಾದವು ತೇವದಿಂದ ಕೆಡುವುದು ಸಾಮಾನ್ಯ. ಇಂಥ ಹಲಗೆಗಳಿಗೆ ಅಕ್ರಿಲಿಕ್ ಅಥವಾ ಸಿಲಿಕೋನ್ ಲೇಪನ ಕೊಡುವ ಪದ್ಧತಿ ಕಾರ್ಖಾನೆಗಳಲ್ಲಿ ಮೊದಲಿನಿಂದಲೂ ಇದೆ. ತಿಳಿದ ತಂತ್ರಜ್ಞರಿಂದ ಇದನ್ನು ಮಾಡಿಸುವುದರಲ್ಲಿ ತಪ್ಪಿಲ್ಲ. ಆದರೆ ಸ್ಪ್ರೇ ಹೊಡೆದಿದೆ ಎಂಬ ಧೈರ್ಯದಿಂದ ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವುದು ಪ್ರಾಣಕ್ಕೆ ಅಪಾಯ. ಸರಿಯಾದ ಅರ್ತಿಂಗ್‌ಗೆ, ಸೋರಿಕೆ ವಿದ್ಯುತ್ ಕಡಿತಗೊಳಿಸುವ ಸಾಧನಕ್ಕೆ ಯಾವ ಲೇಪನವೂ ಪರ್ಯಾಯವಲ್ಲ.

ಮೂರನೆಯದು ಬಟ್ಟೆ, ಕೊಡೆ, ಶಾಲೆಯ ಚೀಲ. ಇಲ್ಲಿ ರಸಾಯನವಿಜ್ಞಾನದ ಒಂದು ಸರಳ ಸಂಗತಿ ನೆನಪಿರಬೇಕು. ನೀರನ್ನು ಮಾತ್ರ ದೂರವಿಡಲು ಮೇಣ ಅಥವಾ ಸಿಲಿಕೋನ್ ಸಾಕು. ಎಣ್ಣೆ, ಜಿಡ್ಡು ಕೂಡ ಅಂಟಬಾರದು ಎಂದಾಗ ಮಾತ್ರ ಫ್ಲೋರಿನ್ ಇರುವ ರಾಸಾಯನಿಕಗಳು ಬೇಕಾಗುತ್ತವೆ. ಮಲೆನಾಡಿನಲ್ಲಿ ಆಕಾಶದಿಂದ ಸುರಿಯುವುದು ನೀರೇ ಹೊರತು ಎಣ್ಣೆಯಲ್ಲ. ಆದ್ದರಿಂದ ಮಳೆಗಾಗಿ ಫ್ಲೋರಿನ್‌ಯುಕ್ತ ಲೇಪನವನ್ನು ಕೊಳ್ಳುವುದು ಅನಗತ್ಯವಾದ ಅಪಾಯವನ್ನು ಹಣ ಕೊಟ್ಟು ಮನೆಗೆ ತಂದಂತೆ.

ಆ ಅಪಾಯದ ಸ್ವರೂಪವನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬಟ್ಟೆ, ರತ್ನಗಂಬಳಿಗಳಿಗೆ ಕಲೆ ಅಂಟದಂತೆ ಮಾಡುವ ‘ಸ್ಕಾಚ್‌ಗಾರ್ಡ್’ ಎಂಬ ಲೇಪನವನ್ನು ಅಮೆರಿಕದ ತ್ರೀಎಂ ಕಂಪನಿ 1950ರ ದಶಕದಲ್ಲಿ ತಂದಿತು. ಅಂದಿಗೆ ಅದು ವಿಜ್ಞಾನದ ಕೊಡುಗೆಯೆಂದೇ ಮಾನ್ಯವಾಯಿತು. 2000ದ ಮೇ ತಿಂಗಳಲ್ಲಿ ಅದೇ ಕಂಪನಿ, ಲೇಪನದ ಹಿಂದಿದ್ದ ಪಿಎಫ್‌ಒಎಸ್ ವರ್ಗದ ರಾಸಾಯನಿಕದ ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಘೋಷಿಸಿತು. ಆ ರಾಸಾಯನಿಕ ಕಾರ್ಖಾನೆಯ ಸುತ್ತಮುತ್ತ ಮಾತ್ರವಲ್ಲ, ಜನಸಾಮಾನ್ಯರ ರಕ್ತದಲ್ಲೂ ದೂರದ ವನ್ಯಜೀವಿಗಳಲ್ಲೂ ಪತ್ತೆಯಾಗಿತ್ತು. ಕಾರ್ಬನ್ ಮತ್ತು ಫ್ಲೋರಿನ್ ನಡುವಿನ ಬಂಧ ಸಾವಯವ ರಸಾಯನವಿಜ್ಞಾನದ ಅತ್ಯಂತ ಬಲವಾದ ಬಂಧಗಳಲ್ಲೊಂದು. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿ ಯಾವುದೂ ಅದನ್ನು ಸುಲಭವಾಗಿ ಒಡೆಯಲಾರದು. ಸಾವಿರಾರು ಸಂಖ್ಯೆಯಲ್ಲಿರುವ ಈ ವರ್ಗದ ರಾಸಾಯನಿಕಗಳಿಗೆ ಒಟ್ಟಾಗಿ ಪಿಎಫ್‌ಎಎಸ್ ಎಂದು ಹೆಸರು. ಲೇಪನ ಸವೆದು ಪುಡಿಯಾದರೂ ಕೊನೆಯಲ್ಲಿ ಉಳಿಯುವ ಫ್ಲೋರಿನ್‌ನ ತುಣುಕು ಹಾಗೆಯೇ ಉಳಿಯುತ್ತದೆ, ನೀರಿನೊಂದಿಗೆ ಸಾಗುತ್ತದೆ. ನೀರನ್ನು ಕುದಿಸಿದರೂ ಅದು ಹೋಗದು.

ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳನ್ನು ಕುರಿತ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2009ರಲ್ಲಿ ಪಿಎಫ್‌ಒಎಸ್, 2019ರಲ್ಲಿ ಪಿಎಫ್‌ಒಎ, 2022ರಲ್ಲಿ ಪಿಎಫ್‌ಎಚ್‌ಎಕ್ಸ್‌ಎಸ್ ಸೇರಿದವು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಪಿಎಫ್‌ಒಎ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. 2024ರಲ್ಲಿ ಅಮೆರಿಕ ಕುಡಿಯುವ ನೀರಿನಲ್ಲಿ ಪಿಎಫ್‌ಒಎಗೆ ನಿಗದಿಪಡಿಸಿದ ಮಿತಿ ಲೀಟರಿಗೆ 4 ನ್ಯಾನೊಗ್ರಾಂ. ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು: ಒಂದೇ ಒಂದು ಗ್ರಾಂ ಪಿಎಫ್‌ಒಎ 25 ಕೋಟಿ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ.

ಈ ಲೆಕ್ಕಕ್ಕೆ ಮಲೆನಾಡಿನಲ್ಲಿ ವಿಶೇಷವಾದ ಅರ್ಥವಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ವರ್ಷಕ್ಕೆ 4,000 ಮಿ.ಮೀ. ಮಳೆ ಬೀಳುವ ಊರಿನಲ್ಲಿ 100 ಚದರ ಮೀಟರ್‌ನ ಒಂದು ಮಾಡಿನ ಮೇಲಿಂದ ನಾಲ್ಕು ಲಕ್ಷ ಲೀಟರ್ ನೀರು ಹರಿದುಹೋಗುತ್ತದೆ. ಆಗುಂಬೆಯಂಥ ಕಡೆ ಇನ್ನೂ ಹೆಚ್ಚು. ಪಾಚಿ ಕಟ್ಟದಿರಲೆಂದು ಹೆಂಚಿಗೆ ಸಿಂಪಡಿಸಿದ ಲೇಪನವನ್ನು ಇಷ್ಟು ನೀರು ಪ್ರತಿ ವರ್ಷವೂ ತೊಳೆಯುತ್ತದೆ. ಬಯಲುಸೀಮೆಯ ಊರೊಂದರಲ್ಲಿ ಹಲವು ವರ್ಷಗಳಲ್ಲಿ ಆಗುವ ಸವೆತ ಇಲ್ಲಿ ಒಂದೇ ಮಳೆಗಾಲದಲ್ಲಿ ಆಗಬಹುದು. ತೊಳೆದ ನೀರು ಅಂಗಳಕ್ಕೆ, ಅಂಗಳದಿಂದ ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. ಗುಡ್ಡದ ಅಬ್ಬಿಯ ನೀರನ್ನು ಪೈಪಿನಲ್ಲಿ ತಂದು ನೇರವಾಗಿ ಕುಡಿಯುವ ಮನೆಗಳು ಇಂದಿಗೂ ಅಸಂಖ್ಯ. ಮೇಲಿನ ಮನೆಯ ಬಚ್ಚಲ ನೀರು ಕೆಳಗಿನ ಮನೆಯ ತೋಟದ ಪಾಲು. ಹಳ್ಳಗಳು ಕೂಡಿ ತುಂಗೆ, ಭದ್ರೆ, ಶರಾವತಿ, ನೇತ್ರಾವತಿಗಳಾಗುತ್ತವೆ. ಶಿವಮೊಗ್ಗ, ಹರಿಹರಗಳ ನಲ್ಲಿಗಳಲ್ಲಿ ಬರುವ ನೀರಿನ ಮೊದಲ ಕಾವಲುಗಾರರು ಮಲೆನಾಡಿನವರೇ. ನದಿಯ ತಲೆಯ ಬಳಿ ವಾಸಿಸುವವರ ಹೊಣೆ ಬಾಲದ ಬಳಿ ವಾಸಿಸುವವರ ಹೊಣೆಗಿಂತ ಭಾರವಾದದ್ದು.

ಮಳೆಯೇ ಈ ರಾಸಾಯನಿಕಗಳಿಂದ ಮುಕ್ತವಾಗಿಲ್ಲ ಎಂಬುದೂ ಈಗ ತಿಳಿದಿದೆ. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನೊಳಗೊಂಡ ತಂಡ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಟಿಬೆಟ್ಟಿನ ಪ್ರಸ್ಥಭೂಮಿ, ಅಂಟಾರ್ಕ್ಟಿಕಾಗಳಂಥ ನಿರ್ಜನ ಪ್ರದೇಶಗಳಲ್ಲಿ ಬೀಳುವ ಮಳೆ-ಹಿಮದಲ್ಲೂ ಪಿಎಫ್‌ಒಎ ಪ್ರಮಾಣ ಅಮೆರಿಕ ಆಗ ಸೂಚಿಸಿದ್ದ ಆರೋಗ್ಯ ಸಲಹಾ ಮಟ್ಟವನ್ನು ಮೀರಿದೆ. ಎಲ್ಲೋ ಸಿಂಪಡಿಸಿದ್ದು ಎಲ್ಲೋ ಮಳೆಯಾಗಿ ಸುರಿಯುತ್ತದೆ. ಇದಕ್ಕೆ ಮತ್ತಷ್ಟು ಸೇರಿಸುವುದು ವಿವೇಕವಲ್ಲ.

ಸಿಂಪಡಿಸುವ ಕ್ರಿಯೆಯಲ್ಲಿಯೇ ಇನ್ನೊಂದು ಅಪಾಯ ಅಡಗಿದೆ. 2006ರ ಮಾರ್ಚ್‌ನಲ್ಲಿ ಜರ್ಮನಿಯಲ್ಲಿ ‘ಮ್ಯಾಜಿಕ್ ನ್ಯಾನೊ’ ಎಂಬ ಹೆಸರಿನ ಗಾಜು-ಪಿಂಗಾಣಿ ಲೇಪನದ ಸ್ಪ್ರೇ ಬಳಸಿದ ನೂರರ ಆಸುಪಾಸು ಜನ ಉಸಿರಾಟದ ತೊಂದರೆಗೆ ಒಳಗಾದರು. ಕೆಲವರ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಬೇಕಾಯಿತು. ಕೆಲವೇ ದಿನಗಳಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಹೆಸರಿನಲ್ಲಿ ‘ನ್ಯಾನೊ’ ಇದ್ದರೂ ಅದರಲ್ಲಿ ನ್ಯಾನೊ ಕಣಗಳು ಇರಲೇ ಇಲ್ಲ ಎಂಬುದು ಬಳಿಕ ಪರೀಕ್ಷೆಯಿಂದ ಹೊರಬಿತ್ತು. ಕೈಪಂಪಿನಿಂದ ಹೊಡೆಯುವ ಹಿಂದಿನ ರೂಪದಲ್ಲಿ ಇಂಥ ದೂರುಗಳು ಬಂದಿರಲಿಲ್ಲ. ಒತ್ತಡದ ಡಬ್ಬಿಯಿಂದ ಹೊರಬರುವ ಅತಿಸಣ್ಣ ತುಂತುರಿನ ರೂಪದಲ್ಲಿ ಬಂದವು. ಈ ಘಟನೆಯಿಂದ ಎರಡು ಪಾಠ ಕಲಿಯಬೇಕು. ಡಬ್ಬಿಯ ಮೇಲಿನ ಹೆಸರು ಒಳಗಿನ ವಸ್ತುವಿನ ಪರಿಚಯವಲ್ಲ. ಅಲ್ಲದೆ, ಕುಂಚದಿಂದಲೋ ಬಟ್ಟೆಯಿಂದಲೋ ಹಚ್ಚಬಹುದಾದದ್ದನ್ನು ಗಾಳಿಯಲ್ಲಿ ತೇಲಿಬಿಡಬಾರದು. ಒಲೆ ಉರಿಯುವ, ಕಿಟಕಿ ಮುಚ್ಚಿದ ಮಳೆಗಾಲದ ಮನೆಯೊಳಗೆ ಸ್ಪ್ರೇ ಹೊಡೆಯುವುದಂತೂ ಶ್ವಾಸಕ್ಕೂ ಅಪಾಯ, ಬೆಂಕಿಗೂ ಆಹ್ವಾನ. ಇಂಥ ಡಬ್ಬಿಗಳ ದ್ರಾವಕಗಳು ಸಾಮಾನ್ಯವಾಗಿ ಬೇಗ ಹೊತ್ತಿಕೊಳ್ಳುವಂಥವು.

ಮಲೆನಾಡಿಗೆ ಸಿಂಪಡಿಸುವ ರಕ್ಷಣಾ ಲೇಪನ ಹೊಸತೇನೂ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಂಥದೇ ಲೇಪನ. ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿತೋಟಗಳಿಗೆಂದು 1885ರಲ್ಲಿ ಪ್ರಕಟಿಸಿದ ಈ ಕ್ರಮವನ್ನು, ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ ಅಡಿಕೆ ತೋಟಕ್ಕೆ ತಂದರು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು, ಮಳೆಗೆ ತೊಳೆದುಹೋಗದಂತೆ ಅಂಟಿಕೊಳ್ಳಲು ರಾಳ. ಇದರಲ್ಲಿ ಏನಿದೆ ಎಂಬುದು ಬೆರೆಸುವ ಪ್ರತಿಯೊಬ್ಬನಿಗೂ ಗೊತ್ತು. ಹದ ಸರಿಯಿದೆಯೇ ಎಂದು ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಕೊನೆಗಾರನಿಂದ ಹಿಡಿದು ಯಜಮಾನನವರೆಗೆ ಎಲ್ಲರೂ ನಡೆಸಬಲ್ಲ ಪರೀಕ್ಷೆ ಇದು. ಹಾಗೆಂದು ಬೋರ್ಡೋ ನಿರಪಾಯಕಾರಿಯಲ್ಲ. ತಾಮ್ರವೂ ಕರಗಿ ಮಾಯವಾಗುವ ವಸ್ತುವಲ್ಲ, ವರ್ಷ ವರ್ಷ ಹೊಡೆದಂತೆ ಮಣ್ಣಿನಲ್ಲಿ ಸಂಚಯವಾಗುತ್ತದೆ. ಆದರೆ ಅದರ ಲಾಭ-ನಷ್ಟಗಳನ್ನು ತೂಗಿ ನೋಡುವ ಅವಕಾಶ ಬಳಸುವವನ ಕೈಯಲ್ಲಿದೆ. ಹಳೆಯದೆಲ್ಲ ಹಿತವೆಂಬ ಭ್ರಮೆಯೂ ಬೇಡ. ಮರಕ್ಕೆ ಗೆದ್ದಲು ಬಾರದಂತೆ ಹಚ್ಚುವ ಗೇರೆಣ್ಣೆ ಚರ್ಮವನ್ನು ಸುಡುತ್ತದೆ. ಆದರೆ ಅದು ಸುಡುತ್ತದೆಂಬುದು ಊರಿಗೆಲ್ಲ ಗೊತ್ತಿರುವುದರಿಂದ ಜನ ಎಚ್ಚರದಿಂದ ಬಳಸುತ್ತಾರೆ.

ಹೊಸ ಡಬ್ಬಿಯ ವಿಷಯದಲ್ಲಿ ಕೊರತೆಯಿರುವುದು ಈ ಅರಿವಿನದೇ. ಕೀಟನಾಶಕದ ಡಬ್ಬಿಯ ಮೇಲೆ ವಿಷದ ತೀವ್ರತೆಯನ್ನು ತೋರಿಸುವ ಬಣ್ಣದ ತ್ರಿಕೋನ, ಪ್ರತಿವಿಷದ ವಿವರ ಇರಬೇಕೆಂದು 1968ರ ಕೀಟನಾಶಕ ಕಾಯ್ದೆಯ ಅಡಿಯ ನಿಯಮಗಳು ವಿಧಿಸಿದವು. ಗೋಡೆಗೋ ಬಟ್ಟೆಗೋ ಹಚ್ಚುವ ಲೇಪನ ಕೀಟನಾಶಕವಲ್ಲವಾದ್ದರಿಂದ ಆ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಅನೇಕ ಡಬ್ಬಿಗಳ ಮೇಲೆ ಕಾಣುವುದು ‘ನ್ಯಾನೊ’, ‘ಪರಿಸರಸ್ನೇಹಿ’, ‘ನೀರು ಆಧಾರಿತ’ ಎಂಬ ಪದಗಳು. ‘ನೀರು ಆಧಾರಿತ’ ಎಂದರೆ ದ್ರಾವಕ ನೀರು ಎಂದಷ್ಟೇ ಅರ್ಥ, ಫ್ಲೋರಿನ್ ಇಲ್ಲವೆಂದಲ್ಲ. ‘ಪಿಎಫ್‌ಒಎ ಮುಕ್ತ’ ಎಂದರೆ ಆ ಒಂದು ರಾಸಾಯನಿಕ ಇಲ್ಲ ಎಂದರ್ಥ, ಅದೇ ಕುಟುಂಬದ ಇನ್ನೊಂದು ಇರಬಹುದು. ‘ಪಿಎಫ್‌ಎಎಸ್ ಮುಕ್ತ’ ಅಥವಾ ‘ಫ್ಲೋರಿನ್ ಮುಕ್ತ’ ಎಂದು ಸ್ಪಷ್ಟವಾಗಿ ಬರೆದಿರುವುದನ್ನು ಮಾತ್ರ ಪರಿಗಣಿಸಬೇಕು.

ಅರಿವು ತಡವಾಗಿ ಬಂದರೆ ಏನಾಗುತ್ತದೆಂಬುದಕ್ಕೆ ಘಟ್ಟದ ತಪ್ಪಲು ಈಗಾಗಲೇ ಬೆಲೆ ತೆತ್ತಿದೆ. ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಮೊದಲಾದ ಊರುಗಳಲ್ಲಿ ಗೇರು ತೋಪುಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಅದು ಬೆಳೆಯ ರಕ್ಷಣೆಗೆಂದೇ ಬಂದ ಔಷಧ. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು 2011ರ ಮೇ 13ರಂದು. ಅದೇ ವರ್ಷ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು. ಗೋಡೆಗೆ ಹಚ್ಚುವ ಲೇಪನವೂ ಆ ಕೀಟನಾಶಕವೂ ಒಂದೇ ಎಂದು ಹೇಳುವುದು ಸರಿಯಲ್ಲ. ಅವುಗಳ ಗುಣ ಬೇರೆ, ಪ್ರಮಾಣ ಬೇರೆ. ಆದರೆ ಮೊದಲು ಬಳಸಿ ಅನಂತರ ಪ್ರಶ್ನಿಸುವ ಕ್ರಮ ಮಾತ್ರ ಒಂದೇ. ಆ ಕ್ರಮವನ್ನು ತಿರುವುಮುರುವು ಮಾಡಬೇಕಾಗಿದೆ.

ಆದ್ದರಿಂದ ಮಲೆನಾಡಿನ ಮನೆಗಳು ಕೆಲವು ಮಿತಿಗಳನ್ನು ತಾವೇ ಹಾಕಿಕೊಳ್ಳುವುದು ಒಳಿತು. ಬಾವಿಕಟ್ಟೆ, ನೀರಿನ ತೊಟ್ಟಿ, ಮಳೆನೀರು ಸಂಗ್ರಹಿಸುವ ಮಾಡು, ಅಡುಗೆ ಪಾತ್ರೆ, ಅಡಿಕೆ-ಮೆಣಸು ಒಣಗಿಸುವ ಅಂಗಳ, ದನ ನೆಕ್ಕುವ ಕೊಟ್ಟಿಗೆಯ ಗೋಡೆ ಇವುಗಳಿಗೆ ಇಂಥ ಲೇಪನ ಸರ್ವಥಾ ಬೇಡ. ಮಕ್ಕಳ ಬಟ್ಟೆ, ಹಾಸಿಗೆಗೂ ಬೇಡ. ಗೋಡೆಗೆ ಬೇಕೆನಿಸಿದರೆ ಫ್ಲೋರಿನ್ ಇಲ್ಲದ ಸಿಲೇನ್ ವರ್ಗದ್ದನ್ನು ಬೇಸಿಗೆಯಲ್ಲಿ ಕುಂಚದಿಂದ ಹಚ್ಚಲಿ. ಕತ್ತಿ, ಗುದ್ದಲಿಗಳ ತುಕ್ಕಿಗೆ ಒರೆಸಿಟ್ಟ ಎಣ್ಣೆಯೇ ಸಾಕು. ಡಬ್ಬಿಯ ಒಳವಸ್ತುಗಳ ವಿವರಪತ್ರವನ್ನು ಕೇಳಿ ಪಡೆಯುವ ಪರಿಪಾಠ ಬರಲಿ, ಕೊಡಲಾಗದವರಿಂದ ಕೊಳ್ಳುವುದು ಬೇಡ. ಇಂಥ ಲೇಪನಗಳ ಮೇಲೆ ಒಳವಸ್ತುಗಳ ಹೆಸರು ಕನ್ನಡದಲ್ಲಿ ಇರಬೇಕೆಂದು ಗ್ರಾಮಸಭೆಗಳು ನಿರ್ಣಯ ಮಾಡಿ ಸರ್ಕಾರಕ್ಕೆ ಕಳುಹಿಸಲಿ. ಶಾಲೆ, ಅಂಗನವಾಡಿ, ನೀರಿನ ಟ್ಯಾಂಕುಗಳಿಗೆ ಲೇಪನ ಮಾಡಿಸುವ ಮುನ್ನ ಪಂಚಾಯಿತಿ ಈ ವಿವರವನ್ನು ಗುತ್ತಿಗೆದಾರನಿಂದ ಬರಹದಲ್ಲಿ ಪಡೆಯಲಿ.

ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವಿದೆ. ಶಾಲೆಯಲ್ಲಿ ಶಿಕ್ಷಕರ ಎದುರು ಎರಡು ಹೆಂಚಿನ ತುಂಡುಗಳನ್ನು ತೆಗೆದುಕೊಂಡು, ಒಂದಕ್ಕೆ ಮೇಣವನ್ನು ಉಜ್ಜಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡನ್ನೂ ಸೂರಿನ ನೀರು ಬೀಳುವ ಕಡೆ ಇಡಬೇಕು. ವಾರಕ್ಕೊಮ್ಮೆ ಒಣಗಿಸಿ, ಒಂದೊಂದು ಹನಿ ನೀರು ಬಿಟ್ಟು, ಹನಿ ಉರುಳುತ್ತದೆಯೋ ಹರಡುತ್ತದೆಯೋ ಎಂದು ಬರೆದಿಡಬೇಕು. ಪಕ್ಕದಲ್ಲಿ ಕೆಸುವಿನ ಎಲೆಯ ಮೇಲೆ ಅದೇ ಪರೀಕ್ಷೆ ನಡೆಯಲಿ. ಎಷ್ಟನೆಯ ವಾರಕ್ಕೆ ಹೆಂಚಿನ ಮೇಲಿನ ಹನಿ ಹರಡಲು ಆರಂಭಿಸಿತು ಎಂಬುದು ತಿಳಿದರೆ, ಆ ಹೊತ್ತಿಗೆ ಹೆಂಚಿನಿಂದ ಏನೋ ಕಳಚಿಹೋಗಿದೆ ಎಂಬುದೂ ತಿಳಿದಂತೆ. ಅದು ಮೇಣವಾದರೆ ಮಣ್ಣು ಅದನ್ನು ಅರಗಿಸಿಕೊಳ್ಳುತ್ತದೆ. ಮಣ್ಣು ಅರಗಿಸಿಕೊಳ್ಳಲಾರದ್ದು ಹೆಂಚಿನ ಮೇಲಿದ್ದರೆ ಅದು ಹಳ್ಳದಲ್ಲಿದೆ, ಹಳ್ಳದ ನೀರು ಕುಡಿಯುವವರ ಮನೆಯಲ್ಲಿದೆ. ಡಬ್ಬಿಯನ್ನು ಕೊಳ್ಳುವ ಮುನ್ನ ಮನೆಯ ಹಿರಿಯರಿಗೆ ಈ ಮಾತನ್ನು ತಿಳಿಸಿ ಹೇಳುವ ಕೆಲಸವನ್ನು ಆ ಮಕ್ಕಳೇ ಚೆನ್ನಾಗಿ ಮಾಡಬಲ್ಲರು.